ಬೆಲ್ಲದ ಮನೆಯ ಜರಿಗಿಡ

ಮಳೆಗಾಲ ಮುಗಿಯುವ ತನಕ ನಮ್ಮ ಬಚ್ಚಲಮನೆಯ ಬಾಗಿಲನ್ನು ಭುಜ ಕೊಟ್ಟು ನೂಕಬೇಕು. ನೀರು ಕುಡಿದು ಉಬ್ಬಿದ ಹಳೇ ಕಟ್ಟಿಗೆ. ಜಳಕಕ್ಕೆ ಹೋದವರು ಹೊರಗೆ ಬರಲಾಗದೆ ಒಳಗಿನಿಂದಲೇ ಮನೆಮಂದಿಯನ್ನು ಕೂಗಿದ ಪ್ರಸಂಗಗಳೂ ಇವೆ. ಅದೇ ಬಾಗಿಲು ಈ ವರ್ಷ ಒಂದು ಬೆಳಿಗ್ಗೆ ಬರೇ ಬೆರಳು ತಾಗಿಸಿದ್ದಕ್ಕೆ ವಿಧೇಯ ವಿದ್ಯಾರ್ಥಿಯ ಹಾಗೆ ಬಂದು ಮುಚ್ಚಿಕೊಂಡಿತು. ಒಣಗಾಳಿ ಬಂತು ಅಂದುಕೊಂಡೆ. ಕ್ಯಾಲೆಂಡರ್ ನೋಡಬೇಕಾಗಿಯೇ ಇಲ್ಲ.

ನಮ್ಮ ಕಡೆಯ ಚಳಿಗಾಲ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಮಂಜು, ಇಬ್ಬನಿ, ಬಿಸಿ ಚಹಾದ ಹಬೆಯ ಹಿಂದೆ ಮಸುಕಾದ ಗುಡ್ಡ, ಅಂಥದ್ದೇನೂ ಇಲ್ಲ. ಇಲ್ಲಿ ಚಳಿಗಾಲ ಎಂದರೆ ಒಂದು ಗಾಳಿ. ಆ ಗಾಳಿಗೆ ಎಲ್ಲದರಿಂದಲೂ ಒಂದಿಷ್ಟು ನೀರು ಬೇಕು. ಹಿಮ್ಮಡಿಯಿಂದ, ಮೊಣಕೈಯಿಂದ, ಮುಚ್ಚಿಟ್ಟ ರೊಟ್ಟಿಯಿಂದ, ಗಿಡದ ಎಲೆಯಿಂದ. ಜೋರಾಗಿ ನಕ್ಕರೆ ತುಟಿ ಒಡೆದು ಉರಿಯುತ್ತದೆ. ಹೊಸ ಸೊಸೆಯಾಗಿ ಮಹಾಲಿಂಗಪುರದ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಮಾವನವರು ನಗುವುದೇ ಇಲ್ಲ ಎಂದು ತಿಳಿದಿದ್ದೆ. ಅವರು ಬರೇ ತುಟಿ ಕಾಪಾಡಿಕೊಳ್ಳುತ್ತಿದ್ದರು ಅಂತ ಗೊತ್ತಾಗಲು ಸಂಕ್ರಮಣ ಹತ್ತಿರ ಬರಬೇಕಾಯಿತು.

ನನ್ನ ತವರು ಬನಹಟ್ಟಿ. ಇಲ್ಲಿಂದ ಬಸ್ಸಿನಲ್ಲಿ ಕೂತು ಒಂದು ಬಾಳೆಹಣ್ಣು ತಿಂದು ಸಿಪ್ಪೆ ಎಲ್ಲಿ ಎಸೆಯಬೇಕೆಂದು ವಿಚಾರ ಮಾಡುವಷ್ಟರಲ್ಲಿ ಬಂದುಬಿಡುವ ಊರು. ಅಣ್ಣ ಪವರ್‌ಲೂಮ್ ಹಾಕಿದ್ದಾನೆ. ಅಪ್ಪ ಮಾತ್ರ ಕೈಮಗ್ಗ ಬಿಟ್ಟವನಲ್ಲ. ನೆಲದಲ್ಲಿ ತಗ್ಗು ತೋಡಿ ಕೂಡಿಸಿದ ಮಗ್ಗ. ಅಪ್ಪ ಅದರೊಳಗೆ ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಮೇಲಿನ ಮನುಷ್ಯ ಮಾತ್ರ ನೆಲದ ಮೇಲೆ ಬೆಳೆದಂತೆ ಕಾಣುತ್ತಿದ್ದ. ಒಣಗಾಳಿ ಬಿಟ್ಟಿತೆಂದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ಚಳಿಗಾಲದಲ್ಲಿ ಮಗ್ಗದ ಖೋಲಿಗೆ ಬೇರೆಯದೇ ಕಾನೂನು. ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಬೇಕು, ಕಿಟಕಿಗೆ ಗೋಣಿತಟ್ಟು ತೊಯ್ಸಿ ಇಳಿಬಿಡಬೇಕು, ಬಾಗಿಲು ತೆರೆದಿಡಬಾರದು. "ತ್ಯಾವ ಹಿಡೀರಿ, ತ್ಯಾವ ಹಿಡೀರಿ" ಎನ್ನುವುದು ಅಪ್ಪನ ಮಂತ್ರ. ತೇವವೆಂದರೆ ಓಡಿಹೋಗುವ ಕರು, ನಾವು ಅದರ ಹಗ್ಗ ಹಿಡಿದು ನಿಂತವರು ಎಂಬಂತೆ ಹೇಳುತ್ತಿದ್ದ.

ಆ ತಗ್ಗಿನ ಗೋಡೆಯಲ್ಲಿ, ಅಪ್ಪನ ಎಡಗಾಲಿನ ಹತ್ತಿರ, ಒಂದು ಗಿಡ ತಾನಾಗಿ ಹುಟ್ಟಿತ್ತು. ಯಾರೂ ನೆಟ್ಟದ್ದಲ್ಲ. ಹಕ್ಕಿಯ ಗರಿಯಂಥ ಎಲೆ. ಹೊಸ ಎಲೆ ಬರುವಾಗ ಮಗುವಿನ ಮುಷ್ಟಿಯ ಹಾಗೆ ಸುರುಳಿ ಸುತ್ತಿಕೊಂಡೇ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಜೀವಶಾಸ್ತ್ರದ ಪುಸ್ತಕದಲ್ಲಿ ಅದರ ಚಿತ್ರ ನೋಡಿ ಓಡಿಬಂದು ಹೇಳಿದ್ದೆ, "ಅಪ್ಪಾ, ಇದರ ಹೆಸರ ಜರಿಗಿಡ ಅಂತ!"

ಅಪ್ಪ ಲಾಳಿ ನಿಲ್ಲಿಸಿದ. "ಏನಂದಿ? ಜರಿ?"

"ಹೂಂ, ಜರಿಗಿಡ."

ನಮ್ಮಂಥ ಮನೆಯಲ್ಲಿ ಜರಿ ಎಂದರೆ ಸೀರೆಯ ಅಂಚಿಗೆ ಹಾಕುವ ಬಂಗಾರದ ಬಣ್ಣದ ಎಳೆ. ಅಪ್ಪ ಬಗ್ಗಿ ಎಲೆಯೊಂದನ್ನು ಮಗುಚಿ ನೋಡಿದ. ಅಡಿಯಲ್ಲಿ ಕಂದುಬಂಗಾರದ ಚುಕ್ಕಿಗಳು ಸಾಲಾಗಿ ಕೂತಿದ್ದವು. "ಖರೇನ ಐತಲ್ಲ! ಬುಟ್ಟಾ ಹಾಕೇತಿ ನೋಡು" ಎಂದವನು ಅವತ್ತಿನಿಂದ ಬಂದವರಿಗೆಲ್ಲ ತಗ್ಗಿಗೆ ಇಣುಕಿಸಿ ಆ ಗಿಡ ತೋರಿಸುವುದನ್ನು ಶುರುಮಾಡಿದ. ಅವ್ವ ತೀರಿಹೋಗಿದ್ದ ವರ್ಷ ಅದು. ಮನೆಯಲ್ಲಿ ನಗುವುದಕ್ಕೆ ಒಂದು ನೆಪ ಬೇಕಿತ್ತು, ಸಿಕ್ಕಿತು.

ನನ್ನ ಮದುವೆಯಾಗಿ ಹೊರಡುವ ದಿನ ಅಪ್ಪ ತಗ್ಗಿಗೆ ಇಳಿದು, ಆ ಗಿಡದ ಒಂದು ಪಾಲನ್ನು ಬೇರಿನ ಮಣ್ಣು ಸಮೇತ ಬಿಡಿಸಿ, ಮಣ್ಣಿನ ಕುಂಡದಲ್ಲಿಟ್ಟು ನನ್ನ ಗಂಡನ ಕೈಗೆ ಕೊಟ್ಟ. ಸೂಟು ಹಾಕಿಕೊಂಡ ಮದುಮಗ ಮಹಾಲಿಂಗಪುರದವರೆಗೆ ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಕೂತಿದ್ದರು. ಇಳಿದಾಗ ಸೂಟಿನ ಮೇಲೆ ಒಂದು ಕೆಸರಿನ ವೃತ್ತ. ಆ ಸೂಟನ್ನು ಅವರು ಇನ್ನೂ ತೊಳೆಯಲು ಕೊಟ್ಟಿಲ್ಲ. ಪ್ರೀತಿಯಿಂದ ಅಲ್ಲ, ಆಮೇಲೆ ಮೈ ಬಂದು ಅವರು ಅದರಲ್ಲಿ ಹಿಡಿಸಲೇ ಇಲ್ಲ.

ಈಗ ಬಂದ ಮನೆಯ ಕಾನೂನು ಕೇಳಿ. ಮಾವನವರದು ಬೆಲ್ಲದ ವ್ಯಾಪಾರ. ದೀಪಾವಳಿ ಕಳೆದು ಗಾಣಗಳು ಶುರುವಾದವೆಂದರೆ ಚಿಮ್ಮಡ, ತುಬಚಿ ಕಡೆಯಿಂದ ಗಾಡಿಗಳು ಬರುತ್ತವೆ. ಪೇಟೆಯ ಅಂಗಡಿಗೆ ಬಂದ ಮಾಲಿನಲ್ಲಿ ಅತ್ಯಂತ ಛಲೋ ಪೆಂಟೆಗಳನ್ನು, ಅಂದರೆ ಬೆಲ್ಲದ ದೊಡ್ಡ ಅಚ್ಚುಗಳನ್ನು, ಆರಿಸಿ ಮಾವನವರು ಮನೆಯ ಒಂದು ಖೋಲಿಯಲ್ಲಿ ಇಡಿಸುತ್ತಿದ್ದರು. ಬೆಲ್ಲಕ್ಕೆ ಆಗದ ವಸ್ತು ಒಂದೇ. ತೇವ. ಆದ್ದರಿಂದ ಈ ಮನೆಯಲ್ಲಿ ತೊಯ್ದ ಬಟ್ಟೆ ಒಳಗೆ ಒಣಹಾಕುವಂತಿಲ್ಲ. ನೆಲ ಒರೆಸುವ ಅರಿವೆಯನ್ನು ಅದು ಅಳುವಷ್ಟು ಹಿಂಡಬೇಕು. ಕೈ ತೊಳೆದವರು ಜಾಡಿಸದೆ ಒರೆಸಿಕೊಂಡು ಬರಬೇಕು. ಒಂದು ಮನೆಯ ಪುಣ್ಯ ಇನ್ನೊಂದು ಮನೆಯ ಪಾಪ. ನಾನು ಪುಣ್ಯವನ್ನೆಲ್ಲ ಬನಹಟ್ಟಿಯಲ್ಲಿ ಕಲಿತು ಬಂದವಳು. ಮೊದಲ ದಿನ ಪಡಸಾಲೆ ಗುಡಿಸಿ, ಅಭ್ಯಾಸಬಲದಿಂದ ಅಂಗೈಯಲ್ಲಿ ನೀರು ಹಿಡಿದು ನೆಲಕ್ಕೆ ಚಿಮುಕಿಸಿದಾಗ ಅತ್ತೆಯವರು ಓಡಿಬಂದು ಸೆರಗಿನಿಂದ ಒರೆಸಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ.

ಯಾರೂ ಬಯ್ಯಲಿಲ್ಲ, ಅದನ್ನು ಹೇಳಲೇಬೇಕು. ಒಳ್ಳೆಯ ಜನ. ಆದರೆ ಮಾವನವರ ಎದುರು ನನ್ನ ಮಾತೆಲ್ಲ "ಹೂಂ ರಿ", "ಇಲ್ರಿ", "ಚಹಾ ರಿ" ಇಷ್ಟರಲ್ಲೇ ಮುಗಿಯುತ್ತಿತ್ತು.

ಗಾಳಿ ಬದಲಾದ ವಾರದಲ್ಲಿ ಜರಿಗಿಡದ ಎಲೆಗಳ ತುದಿ ಕಂದಾಯಿತು. ನಂತರ ಅಂಚು. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಬೇರಿಗೆ ಎಷ್ಟು ನೀರು ಹಾಕಿದರೂ ಅಷ್ಟೇ. ಅದಕ್ಕೆ ಬೇಕಾದ ನೀರು ಗಾಳಿಯಲ್ಲಿರಬೇಕಿತ್ತು. ಸಂಕ್ರಮಣ ಹತ್ತಿರ ಬರುತ್ತಿತ್ತು. ಮದುವೆಯಾದ ಮೊದಲ ಸಂಕ್ರಮಣಕ್ಕೆ ಅಪ್ಪ ಸಕ್ಕರೆ ಪಾಕದ ಕುಸರೆಳ್ಳು, ಸೀರೆ ತೆಗೆದುಕೊಂಡು ಬರುವವನಿದ್ದ. ನಮ್ಮಪ್ಪನನ್ನು ನಾನು ಬಲ್ಲೆ. ಮಗಳೇ, ಆರಾಮಿದ್ದೀಯಾ ಎಂದು ಕೇಳುವ ಪೈಕಿ ಅಲ್ಲ. ಸುಮ್ಮನೆ ಗಿಡದ ಕಡೆ ನೋಡುತ್ತಾನೆ. ಒಣಗಿದ್ದರೆ ಏನೂ ಅನ್ನದೆ ಬಸ್ಸು ಹತ್ತುತ್ತಾನೆ. ಆಮೇಲೆ ವರ್ಷವಿಡೀ ಮಗ್ಗದ ತಗ್ಗಿನಲ್ಲಿ ಕೂತು, ಮಗಳು ಆ ಮನೆಯಲ್ಲಿ ಒಣಗಾಕತ್ತಾಳ ಎಂದು ಕೊರಗುತ್ತಾನೆ.

ಹಾಗಾಗಿ ಕೆಲಸಕ್ಕೆ ಇಳಿದೆ. ಮೊದಲು ಬಾಯಲ್ಲಿ ನೀರು ತುಂಬಿಕೊಂಡು ಇಸ್ತ್ರಿಯವರ ಹಾಗೆ ಎಲೆಗಳ ಮೇಲೆ ಊದಿದೆ. ಅದೇ ಗಳಿಗೆಗೆ ಗಂಡ ಒಳಗೆ ಬಂದದ್ದರಿಂದ ಅರ್ಧ ನೀರು ಅವರ ಅಂಗಿಗೆ ಹೋಯಿತು. ಆಮೇಲೆ ಹಿಟ್ಟು ನಾದುವ ಅಗಲ ಪರಾತದಲ್ಲಿ ಉರುಟು ಹರಳು ಹರವಿ, ನೀರು ಹಾಕಿ, ಅದರ ಮೇಲೆ ಕುಂಡ ಕೂಡಿಸಿದೆ. ಜೊತೆಗಿರಲಿ ಅಂತ ಅಂಗಳದಲ್ಲಿದ್ದ ಮನಿಪ್ಲಾಂಟನ್ನೂ ತಂದು ಪಕ್ಕದಲ್ಲಿಟ್ಟೆ. ಸ್ವಲ್ಪ ತಡೆಯಿತು, ಸಾಲಲಿಲ್ಲ. ಬಚ್ಚಲಲ್ಲಿ ಹಂಡೆಯ ನೀರು ಕಾದು ಹಬೆಯಾಡುವ ಹೊತ್ತಿಗೆ ಎರಡನ್ನೂ ಒಯ್ದು ಅಲ್ಲಿಟ್ಟು ಬಂದೆ. ಜಳಕಕ್ಕೆ ಹೋದ ಅತ್ತೆಯವರು ಬಾಗಿಲ ಸಂದಿಯಿಂದ ತಲೆ ಹೊರಹಾಕಿ ಕೇಳಿದರು, "ಏನಬೇ, ಇವಕ್ಕೂ ಎಣ್ಣಿ ಹಚ್ಚಲೇನ?"

ಕೊನೆಗೆ ತವರಿನ ಅಸ್ತ್ರವನ್ನೇ ತೆಗೆದೆ. ಒಂದು ಗೋಣಿತಟ್ಟು ತೊಯ್ಸಿ ನಮ್ಮ ಖೋಲಿಯಲ್ಲಿ ಗಿಡಗಳ ಹಿಂದೆ ಹಗ್ಗಕ್ಕೆ ಇಳಿಬಿಟ್ಟೆ. ಆಹಾ, ಆ ವಾಸನೆ! ಕಣ್ಣು ಮುಚ್ಚಿದರೆ ಬನಹಟ್ಟಿ. ಗಿಡವೂ ಹಾಗೇ ಅಂದುಕೊಂಡಿರಬೇಕು. ಕೆಲವೇ ದಿನಗಳಲ್ಲಿ ಎಲೆ ಮೆತ್ತಗಾಯಿತು. ನನ್ನ ಬುದ್ಧಿಗೆ ಹೊಳೆಯದೇ ಹೋದ ಸಂಗತಿ ಒಂದೇ. ಆ ತಟ್ಟು ಇಳಿಬಿಟ್ಟ ಗೋಡೆಯ ಆಚೆ ಬೆಲ್ಲದ ಖೋಲಿ. ನಡುವೆ ಸರಿಯಾಗಿ ಕೂಡದ ಒಂದು ಹಳೇ ಬಾಗಿಲು.

ಒಂದು ಮಧ್ಯಾಹ್ನ ಆ ಕಡೆಯಿಂದ ಮಾವನವರ ದನಿ ಕೇಳಿಸಿತು. "ಅಲಾ ಇವನ, ಬೆಲ್ಲ ಬೆವರಾಕತ್ತಾವಲ್ಲ!" ಮಾಳಿಗೆ ನೋಡಿದರು, ಗೋಡೆ ತಟ್ಟಿದರು, ಮೂಸಿದರು. ಮೂಸುತ್ತ ಮೂಸುತ್ತ ಆ ನಡುವಿನ ಬಾಗಿಲನ್ನು ನೂಕಿದರು. ಎದುರಿಗೆ ನೀರು ತೊಟ್ಟಿಕ್ಕುವ ತಟ್ಟು, ಅದರ ಮುಂದೆ ಗಿಡ, ಅದರ ಮುಂದೆ ಕೈಯಲ್ಲಿ ತಂಬಿಗೆ ಹಿಡಿದ ಸೊಸೆ.

ಬಹಳ ಹೊತ್ತು ನೋಡಿ ಕೇಳಿದರು, "ಯವ್ವಾ, ಇಲ್ಲೇನ ಕಪ್ಪಿ ಸಾಕಾಕತ್ತೀಯೇನ?"

"ಇಲ್ರಿ ಮಾವಾರ. ಗಿಡ ರಿ."

"ಗಿಡ ಕಾಣತೈತಿ. ಈ ತಟ್ಟು ಯಾಕ?"

"ಗಾಳಿಗೆ ನೀರ ಕುಡಸಾಕ್ರಿ."

ಅಷ್ಟರಲ್ಲಿ ಬಂದಿದ್ದ ಅತ್ತೆಯವರ ಕಡೆ ತಿರುಗಿದರು. "ಕೇಳಿದೇನ? ಗಾಳಿಗಿ ನೀರ ಕುಡಸ್ತಾಳಂತ!"

ನನಗೆ ಅದೆಲ್ಲಿಂದ ಬಾಯಿ ಬಂತೋ. "ನಮ್ಮ ಮನ್ಯಾಗ ಗಾಳಿ ಒಣಗಿದ್ರ ಎಳಿ ಹರೀತಾವ್ರಿ ಮಾವಾರ. ತ್ಯಾವ ಹಿಡೀಲಿಲ್ಲಂದ್ರ ನಮ್ಮಪ್ಪ ಒಂದ ಗೇಣ ನೇಯಾಕ ಆಗೂದಿಲ್ಲ."

"ಹೌದಲ್ಲ? ನಮ್ಮ ಮನ್ಯಾಗ ಗಾಳಿ ಹಸೀ ಆದ್ರ ಬೆಲ್ಲ ಅಳತಾವ. ಬಾ ಇಲ್ಲೆ."

ನಾನು ಮೊದಲ ಸಲ ಆ ಖೋಲಿಗೆ ಕಾಲಿಟ್ಟೆ. ಅವರು ನನ್ನ ಅಂಗೈಯನ್ನು ಒಂದು ಪೆಂಟೆಯ ಮೇಲೆ ಇಡಿಸಿದರು. ಜಿಗುಟು. ಕೈ ತೆಗೆದಾಗ ಬೆಲ್ಲದ ಮೇಲೆ ನನ್ನ ಐದೂ ಬೆರಳು ಮೂಡಿದ್ದವು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. "ತಪ್ಪಾತ್ರಿ. ತಟ್ಟು ತಗೀತೇನಿ. ಆದ್ರ ಈ ಗಿಡ ಸತ್ರ... ಸಂಕ್ರಮಣಕ್ಕ ನಮ್ಮಪ್ಪ ಬಂದು ನೋಡಿ ಏನ ತಿಳ್ಕೊಂತಾನ್ರಿ?"

 ಮಾವನವರು ಒಂದು ಪೆಂಟೆಯನ್ನು ಧೋತರದ ಚುಂಗಿನಿಂದ ಒರೆಸುತ್ತ ನಿಂತರು. ಅವರ ಮಗಳನ್ನು, ಅಂದರೆ ನನ್ನ ನಾದಿನಿಯನ್ನು, ಮುಧೋಳಕ್ಕೆ ಕೊಟ್ಟಿದೆ. "ನಾ ಮುಧೋಳಕ್ಕ ಹೋದಾಗ ಮೊದಲ ಏನ ನೋಡ್ತೀನಿ ಗೊತ್ತೇನ ಯವ್ವಾ? ಬಾಗಲದಾಗ ಆಕಿ ಚಪ್ಪಲಿ ನೋಡ್ತೀನಿ. ಛಲೋ ಅದಾವೋ, ಹರದಾವೋ ಅಂತ. ಆಮ್ಯಾಲ ಒಳಗ ಹೋಗ್ತೀನಿ."

"ಮತ್ತ ನನಗೊಮ್ಮಿನೂ ಹೇಳಿಲ್ಲಲ್ರಿ" ಎಂದರು ಅತ್ತೆಯವರು.

"ನೀ ಏನ ನೋಡ್ತಿ?"

"ನಾ ಆಕಿ ಮಾಡೂ ಚಹಾಕ ಎಷ್ಟ ಹಾಲ ಹಾಕ್ಯಾಳ ನೋಡ್ತೀನಿ."

ಮೂವರೂ ನಕ್ಕೆವು. ನನ್ನ ಕೆಳತುಟಿ ಒಡೆದದ್ದು ಗೊತ್ತಾದದ್ದು ಆಮೇಲೆ.

ಅಂದು ಸಂಜೆ ಶುರುವಾದ ಶೋಧ ನೋಡಬೇಕಿತ್ತು. ಜರಿಗಿಡಕ್ಕೆ ಸ್ಥಳ ಹುಡುಕುವ ಕೆಲಸವನ್ನು ಮಾವನವರು ವರ ಹುಡುಕುವ ಗಾಂಭೀರ್ಯದಿಂದ ತಮ್ಮ ಮೇಲೆ ಹಾಕಿಕೊಂಡರು. ಕುಂಡವನ್ನು ಎದೆಗೆ ಅವುಚಿಕೊಂಡು ಅಡುಗೆಮನೆಗೆ ಹೋದರು. ಒಲೆಯ ಶಾಖ ಬ್ಯಾಡ. ನೀರಿನ ಹರವಿಗಳ ಪಕ್ಕ ಇಟ್ಟರು, ಬೆಳಕಿಲ್ಲ. ಜಗುಲಿಗೆ ತಂದರು, ಗಾಳಿ. ಕಡೆಗೆ ಪಡಸಾಲೆಯ ನಡುವೆ ನಿಂತು ಅಟ್ಟದ ಕಡೆ ನೋಡಿದರು. ಏನೋ ಹೊಳೆಯಿತು.

"ಲೇ, ನಿಚ್ಚಣಿಕಿ ತಾ" ಎಂದು ಮಗನನ್ನು ಕೂಗಿದರು.

ಅಟ್ಟದಿಂದ ಇಳಿದದ್ದು ಒಂದು ಗಾಜಿನ ಪೆಟ್ಟಿಗೆ. ಎದೆಮಟ್ಟ ಎತ್ತರ, ಸಾಗವಾನಿ ಚೌಕಟ್ಟು, ಬಾಗಿಲ ಸುತ್ತ ರಬ್ಬರಿನ ಪಟ್ಟಿ. ಮಾವನವರ ತಂದೆ ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸುವ ಬೆಲ್ಲದ ಮಾದರಿಗಳನ್ನು ಇಡಲಿಕ್ಕೆಂದು ಮಾಡಿಸಿದ್ದು. ಮಳೆಗಾಲದಲ್ಲೂ ಒಳಗಿನ ಬೆಲ್ಲಕ್ಕೆ ತೇವ ತಾಗುತ್ತಿರಲಿಲ್ಲವಂತೆ.

"ಇದರಾಗ ತ್ಯಾವ ಒಳಗ ಬರೂದಿಲ್ಲ" ಎಂದರು ಮಾವನವರು, ದೂಳಿಗೆ ಮೂರು ಸಲ ಸೀನಿ. "ಒಳಗ ಬರದಂಗ ಮಾಡೂ ಪೆಟಗಿ, ಒಳಗಿದ್ದದ್ದನ್ನ ಹೊರಗ ಬಿಡ್ತೈತೇನ? ಇಡು ನಿನ್ನ ಗಿಡಾನ."

ಪೂರ್ವದ ಕಿಟಕಿಯ ಪಕ್ಕ ಪೆಟ್ಟಿಗೆ ನಿಲ್ಲಿಸಿದೆವು. ತಳದಲ್ಲಿ ಹರಳು, ನೀರು. ಬೇರು ಕೊಳೆಯದಂತೆ ನೀರಿಗಿಂತ ಮೇಲೆ ಕುಂಡ. ಬಾಗಿಲು ಮುಚ್ಚಿದೆವು. ಮರುದಿನ ಬೆಳಿಗ್ಗೆ ಗಾಜಿನ ಒಳಮೈಗೆಲ್ಲ ಸಣ್ಣ ಸಣ್ಣ ಹನಿ. ಮಾವನವರು ಹಲ್ಲುಜ್ಜುವುದನ್ನು ಬಿಟ್ಟು ಮುಂದೆ ಕೂತಿದ್ದರು. ಬಾಯಲ್ಲಿ ಬುರುಗು ಇದ್ದದ್ದರಿಂದ ಕೈಸನ್ನೆ ಮಾಡಿ ನನ್ನನ್ನು ಕರೆದರು. ಪಕ್ಕದ ಖೋಲಿಗೆ ಹೋಗಿ ಬೆಲ್ಲ ಮುಟ್ಟಿ ಬಂದು, ಒಣಗಿದ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಇಬ್ಬರೂ ಗೆದ್ದಿದ್ದೆವು. ಸೋತವು ಇರುವೆಗಳು. ಪೆಟ್ಟಿಗೆಯ ಸಂದುಗಳಲ್ಲಿ ಉಳಿದಿದ್ದ ಹಳೇ ಬೆಲ್ಲದ ವಾಸನೆ ಹಿಡಿದು ದೊಡ್ಡ ದಂಡು ಬಂತು, ಗಾಜಿನಾಚೆ ಬರೇ ಹುಲ್ಲಿನಂಥದ್ದೇನೋ ಕಂಡು, ಸಾಲು ಮುರಿಯದೆ ಹಿಂದಿರುಗಿತು.

ಸಂಕ್ರಮಣದ ದಿನ ಅಪ್ಪ ಬಂದ. ಕಾಲು ತೊಳೆದು, ಸರಿಯಾಗಿ ಒರೆಸಿಕೊಂಡು, ಪಡಸಾಲೆಗೆ ಬಂದವನು ಪೆಟ್ಟಿಗೆಯ ಮುಂದೆ ನಿಂತ. ಒಳಗೆ ಕಂದಿದ ಎಲೆಗಳ ನಡುವೆ ಎರಡು ಹಸಿರು ಸುರುಳಿ ಎದ್ದಿದ್ದವು. ಅಪ್ಪ ಬಾಗಿಲನ್ನು ಒಂಚೂರು ತೆರೆದು ಕೈ ಒಳಗೆ ಹಾಕಿದ. ಕೈ ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದ.

"ತ್ಯಾವ ಐತಿ" ಎಂದ.

"ಐತ್ರಿ ಬೀಗರ, ಐತಿ!" ಎಂದು ಮಾವನವರು ಗಿರಾಕಿ ಸಿಕ್ಕ ಉತ್ಸಾಹದಲ್ಲಿ ಪಕ್ಕಕ್ಕೆ ಬಂದು ಕೂತರು. ಪೆಟ್ಟಿಗೆಯ ಕಥೆ, ತಟ್ಟಿನ ಕಥೆ, ಕಪ್ಪೆಯ ಕಥೆ. ಮದುವೆಯ ಮಾತುಕತೆಯಲ್ಲೂ ಇವರಿಬ್ಬರು ಇಷ್ಟು ಮಾತಾಡಿರಲಿಲ್ಲ. ಒಬ್ಬರು ಆಯುಷ್ಯವಿಡೀ ತೇವವನ್ನು ಹೊರಗಟ್ಟಿದವರು, ಇನ್ನೊಬ್ಬ ಅದನ್ನು ಹಿಡಿದಿಟ್ಟವನು. ಒಂದೇ ಕೋಟೆಯ ಬಗ್ಗೆ ಎರಡು ಪಾಳೆಯದವರು ಮಾತಾಡಿದ ಹಾಗಿತ್ತು. ಊಟಕ್ಕೆ ಕರೆದರೆ "ಬಂದ್ವಿ, ಬಂದ್ವಿ" ಎನ್ನುತ್ತ ಇಬ್ಬರೂ ಏಳಲಿಲ್ಲ. ಸಜ್ಜಿರೊಟ್ಟಿ ಆರಿಹೋದವು.

ಆದರೆ ಸಂಜೆಯಾದದ್ದೇ ಅಪ್ಪ ಚೀಲ ಎತ್ತಿದ. ಮಾವನವರು ಕೈ ಹಿಡಿದು ಕೂಡಿಸಿದರೂ ಕೇಳಲಿಲ್ಲ. "ಹೆಣ್ಣ ಕೊಟ್ಟ ಮನ್ಯಾಗ ರಾತ್ರಿ ಉಳಿಯೂದು ನಮ್ಮಲ್ಲಿ ಪದ್ಧತಿ ಇಲ್ರಿ ಬೀಗರ. ತಪ್ಪ ತಿಳೀಬ್ಯಾಡ್ರಿ." ಬಸ್ಸು ಹತ್ತಿದ.

ಅಂದಿನಿಂದ ಹನ್ನೆರಡು ಚಳಿಗಾಲ. ಮಾವನವರಿಗೆ ಗಿಡದ ಹುಚ್ಚು ಹತ್ತಿದ್ದನ್ನು ವಿವರಿಸಲು ಬೇರೆಯದೇ ಪ್ರಬಂಧ ಬೇಕು. ಜಮಖಂಡಿಗೆ ಬೆಲ್ಲದ ವಸೂಲಿಗೆಂದು ಹೋದವರು ನರ್ಸರಿಯಿಂದ ಗೋಣಿಚೀಲದಲ್ಲಿ ಗಿಡ ಮುಚ್ಚಿಕೊಂಡು, ಅತ್ತೆಯವರಿಗೆ ಕಾಣದ ಹಾಗೆ ಹಿತ್ತಲ ಬಾಗಿಲಿನಿಂದ ಬರುವುದು ರೂಢಿಯಾಯಿತು. ಸಂಜೆ ಎಲೆ ಮಡಚಿ ಕೈಮುಗಿಯುವ ಒಂದು ಗಿಡಕ್ಕೆ ಅವರೂ ತಿರುಗಿ ಕೈಮುಗಿಯುತ್ತಾರೆ. ಪೆಟ್ಟಿಗೆ ಸಾಲದೆ ಬಡಗಿಯನ್ನು ಕರೆಸಿ ಇನ್ನೂ ಎರಡು ಮಾಡಿಸಿದರು. ಬೆಲ್ಲವೆಲ್ಲ ಈಗ ಪೇಟೆಯ ಗೋದಾಮಿನಲ್ಲಿದೆ. ಮನೆಯಲ್ಲಿ ಡಬ್ಬಿಯಲ್ಲಿ ಇರುವಷ್ಟೇ. ಅಪ್ಪನೂ ನಾಕು ದಿನಕ್ಕೊಮ್ಮೆ ಎನ್ನುವ ಹಾಗೆ ಬರುತ್ತಿದ್ದ. ಬೆಳಿಗ್ಗೆ ಬಂದು, ಗಿಡ ನೋಡಿ, ಮಾವನವರ ಜೊತೆ ವಾದ ಮಾಡಿ, ಸಂಜೆಯ ಬಸ್ಸಿಗೆ ಹೋಗುವುದು. ಒಂದು ರಾತ್ರಿ ಉಳಿದದ್ದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೆ. ಮಾವನವರು ಬಿಟ್ಟಿರಲಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ.

ಈ ವರ್ಷ ಬೀಳಗಿಯಲ್ಲಿ ಬಂಧುಗಳ ಮದುವೆ. ಎಲ್ಲರೂ ಹೊರಟೆವು. ಹೊರಡುವ ಮುಂಚಿನ ದಿನ ಮಾವನವರು ಫೋನು ಹಿಡಿದು ಅಂಗಳಕ್ಕೆ ಹೋದರು. ಅವರದು ಅಂಗಡಿಯ ದನಿ, ಅಂಗಳದಲ್ಲಿ ಮಾತಾಡಿದರೂ ಅಡುಗೆಮನೆಗೆ ಕೇಳುತ್ತದೆ.

"ಬೀಗರ, ನಾವೆಲ್ಲಾ ಮದುವಿಗೆ ಹೊಂಟೇವಿ. ಗಾಳಿ ನೋಡ್ರಿ ಹೆಂಗ ಬಿಟ್ಟೇತಿ. ಗಿಡಕ್ಕ ತ್ಯಾವ ಹಿಡಿಯಾವ್ರ ಯಾರೂ ಇಲ್ಲ... ಅಲ್ರಿ, ನಿಮ್ಮನ್ನ ಉಣ್ಣಾಕ ಕರ್ಯಾಕತ್ತಿಲ್ಲ. ಕೆಲಸಕ್ಕ ಕರ್ಯಾಕತ್ತೇನಿ."

ಕೆಲಸ ಎಂದಾಗ ನೇಕಾರ ಇಲ್ಲ ಅನ್ನುವುದು ಹೇಗೆ? ಅಪ್ಪ ಬಂದ. ಬೀಗದ ಕೈ ಇಸಿದುಕೊಂಡ. ಅಣ್ಣನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲಿಟ್ಟ.

ನಾವು ಬೀಳಗಿಯಿಂದ ತಿರುಗಿ ಬಂದಾಗ ಮಧ್ಯಾಹ್ನ ಇಳಿಹೊತ್ತು. ಬಾಗಿಲಲ್ಲೇ ತೊಯ್ದ ಮಣ್ಣಿನ ವಾಸನೆ. ಅಪ್ಪ ಬನಿಯನ್ನಿನ ಮೇಲೆ, ತಂಬಿಗೆ ಹಿಡಿದು, ಪಡಸಾಲೆಯ ನಡುವೆ ಕೂತಿದ್ದ. ತಲೆ ಎತ್ತಿ, "ಚಪ್ಪಲಿ ಅಲ್ಲೇ ಬಿಡ್ರಿ, ಈಗರೆ ನೆಲಕ್ಕ ನೀರ ಚಿಮುಕಿಸೇನಿ" ಎಂದ, ಮನೆಯ ಯಜಮಾನನಿಗೆ! ಯಜಮಾನರು ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಂದರು.

ಸಂಜೆ ಬಂತು. ನಾವ್ಯಾರೂ ಗೋಡೆಯ ಗಡಿಯಾರದ ಕಡೆ ನೋಡಲಿಲ್ಲ. ಅತ್ತೆಯವರು ಹಿಟ್ಟು ಹೆಚ್ಚು ನಾದಿದರು. ನನ್ನ ಗಂಡ ಅಪ್ಪನ ಚೀಲವನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ಸರಿಸಿದ್ದನ್ನು ನಾನು ನೋಡಿದೆ. ಮಾವನವರು ಬೀಳಗಿ ಮದುವೆಯ ಪಲ್ಯದ ಉಪ್ಪಿನಿಂದ ಶುರುಮಾಡಿ ನಿಲ್ಲಿಸಲೇ ಇಲ್ಲ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು, ಹೋಯಿತು.

ಆಗ ಅಪ್ಪ ಪೆಟ್ಟಿಗೆಯ ಕಡೆ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದ, "ಈ ಸುರುಳಿ ಇನ್ನ ಪೂರ್ತಿ ಬಿಚ್ಚಿಲ್ಲ. ಬಿಚ್ಚಿದ ಮ್ಯಾಲ ಹೋಗ್ತೀನಿ."

"ಹೌದ್ರಿ ಮತ್ತ. ಕೆಲಸ ನಡುವ ಬಿಡಬಾರದು" ಎಂದರು ಮಾವನವರು, ಬಹಳ ಗಂಭೀರವಾಗಿ.

ಆ ಸುರುಳಿ ಬಿಚ್ಚಿತು. ಅದರ ಪಕ್ಕದ್ದೂ ಬಿಚ್ಚುತ್ತಿದೆ. ಅಪ್ಪ ಇಲ್ಲೇ ಇದ್ದಾನೆ. ಕಟ್ಟೆಯ ಮೇಲೆ ಈಗ ಬುತ್ತಿ ಇಲ್ಲ. ಅತ್ತೆಯವರ ಕೈಯ ಪಲ್ಯಕ್ಕೆ ಎಣ್ಣೆ ಹೆಚ್ಚಾಯಿತು ಎಂದು ನಿನ್ನೆ ತಕರಾರು ಬೇರೆ ತೆಗೆದ. ಅವರು ಸೌಟು ತೋರಿಸಿದರು.

ಇವತ್ತು ಬೆಳಿಗ್ಗೆ ಅಪ್ಪ ಜಳಕಕ್ಕೆ ಹೋದಾಗ ನಾನು ಪೆಟ್ಟಿಗೆಯ ಗಾಜು ಒರೆಸುತ್ತಿದ್ದೆ. ಹಳೇ ಎಲೆಯ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಮತ್ತೊಂದು ಸುರುಳಿ. ಸಂತೋಷಕ್ಕೆ "ಅಪ್ಪಾ" ಎಂದು ಕೂಗಲು ಬಾಯಿ ತೆರೆದಿದ್ದೆ. ಹಿಂದಿನಿಂದ ಮಾವನವರು ಬಂದು ಭುಜ ಮುಟ್ಟಿದರು. ಅವರು ಅದನ್ನು ಯಾವಾಗಲೋ ನೋಡಿದ್ದರು.

"ಶ್ಶ್, ಈಗ ಹೇಳಬ್ಯಾಡ ಯವ್ವಾ" ಎಂದರು ಪಿಸುದನಿಯಲ್ಲಿ. "ಮೊದಲ ಆ ದೊಡ್ಡ ಸುರುಳಿ ಪೂರ್ತಿ ಬಿಚ್ಚಲಿ. ಆಮ್ಯಾಲ ಇದನ್ನ ತೋರಸೂಣು."